ಬಲವಂತದ ಸೌಟು

ಶ್ರೀನಿವಾಸಪುರದ ರೈಲು ನಿಲ್ದಾಣದ ಎದುರಿಗೆ ನನ್ನದೊಂದು ಮುದ್ದೆ ಹೋಟೆಲು ಇತ್ತು. ಹೆಸರು ಗಂಗುಲಪ್ಪನ ಹೋಟೆಲು. ಗಂಗುಲಪ್ಪ ಎಂದರೆ ನಾನೇ. ಹೆಸರು ಹುಡುಕಲು ಎಷ್ಟು ತಲೆ ಓಡಿಸಿದ್ದೆ ಎಂಬುದು ಇದರಲ್ಲೇ ಗೊತ್ತಾಗುತ್ತದೆ. ನನ್ನ ಬುದ್ಧಿಯೆಲ್ಲ ಬಡಿಸುವುದರಲ್ಲಿ ಖರ್ಚಾಗಿಹೋಗುತ್ತಿತ್ತು.

ನಮ್ಮ ಕಡೆ ಉಣ್ಣುವವನು 'ಸಾಕು' ಅಂದರೆ ಅದನ್ನು ನಂಬಬಾರದು ಎಂದು ಪದ್ಧತಿ. ಮೊದಲನೆಯ ಸಾಕು ಮರ್ಯಾದೆಗೆ, ಎರಡನೆಯದು ಸಂಕೋಚಕ್ಕೆ. ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲಿ ಸಾರು ಇಳಿಸಬಲ್ಲವನೇ ಬಡಿಸುವವನು. ಮಿಕ್ಕವರು ಇದನ್ನು ಮದುವೆಮನೆಯಲ್ಲಿ ಮಾಡಿದರೆ ನಾನು ಹೋಟೆಲಿನಲ್ಲೂ ಮಾಡುತ್ತಿದ್ದೆ. ಒಮ್ಮೆ ತಾಲ್ಲೂಕು ಕಚೇರಿಯ ಗುಮಾಸ್ತರೊಬ್ಬರು ನನ್ನಲ್ಲಿ ಉಂಡು ಮೇಲಕ್ಕೇಳಲಾರದೆ, ಇಬ್ಬರು ರೆಟ್ಟೆ ಹಿಡಿದು ಎಬ್ಬಿಸಬೇಕಾಯಿತು. ಆ ಮನುಷ್ಯ ಮತ್ತೆ ಹೋಟೆಲಿನ ಕಡೆ ತಲೆ ಹಾಕಲಿಲ್ಲ. ನಾನು ಮಾತ್ರ ಆ ಕಥೆಯನ್ನು ಸರ್ಕಾರ ಕೊಟ್ಟ ಪದಕವೇನೋ ಎಂಬಂತೆ ಊರೆಲ್ಲ ತೋರಿಸಿಕೊಂಡು ತಿರುಗಿದೆ.

"ಇದು ಹೋಟೆಲಾ, ಬೀಗರ ಮನೇನಾ?" ಎಂದು ನನ್ನ ಹೆಂಡತಿ ಚಿಕ್ಕಗಂಗಮ್ಮ ಒಲೆಯ ಮುಂದಿನಿಂದ ಕೇಳುತ್ತಿದ್ದಳು. ನಾನು ಅದನ್ನು ಹೊಗಳಿಕೆ ಎಂದುಕೊಳ್ಳುತ್ತಿದ್ದೆ.

ಇಂಥವನ ಒಬ್ಬಳೇ ಮಗಳು ಆದಿಲಕ್ಷ್ಮಿ ಊಟ ಬಿಟ್ಟಳು. ನಲವತ್ಮೂರನೆಯ ಇಸವಿ, ಯುದ್ಧದ ಕಾಲ. ಅಕ್ಕಿಗೆ ರೇಷನ್ನು ಬಂದು, ಎಲ್ಲರೂ ಮಿತವಾಗಿ ಉಣ್ಣಿ ಎಂದು ಸರ್ಕಾರದವರು ತಮಟೆ ಹೊಡೆಸುತ್ತಿದ್ದರು. ಅವರ ಮಾತನ್ನು ಇಡೀ ತಾಲ್ಲೂಕಿನಲ್ಲಿ ಪಾಲಿಸಿದವಳು ನನ್ನ ಮಗಳೊಬ್ಬಳೇ.

ಅದು ಯಾವಾಗ ಶುರುವಾಯಿತೋ ನನಗೆ ತಿಳಿಯಲಿಲ್ಲ. ಅವಳು ದೊಡ್ಡವಳಾದಾಗ ನಮ್ಮವರ ಪದ್ಧತಿಯಂತೆ ಹಸಿರು ಸೊಪ್ಪಿನ ಗುಡ್ಲು ಕಟ್ಟಿ ಒಳಗೆ ಕೂರಿಸಿದ್ದೆವು. ನೆಂಟರು, ನೆರೆಯವರು ದಿನವೂ ತಟ್ಟೆ ಹಿಡಿದು ಬರುವರು. ಎಳ್ಳಿನ ಚಿಗಳಿ, ಕೊಬ್ಬರಿ, ಬೆಲ್ಲ, ತುಪ್ಪ. ಹುಡುಗಿ ಮೈ ತುಂಬಿಕೊಂಡರೆ ಗಂಡು ಬೇಗ ಸಿಗುತ್ತಾನೆಂದು ಒಬ್ಬೊಬ್ಬಳೂ ತುತ್ತು ಮಾಡಿ ಬಾಯಿಗಿಡುವಳು. ಶಾಲೆ ಬಿಡಿಸಿಯಾಗಿತ್ತು. ಅವಳು ಸಾಕು ಅಂದಳಂತೆ. ಹೆಂಗಸರು ನಕ್ಕರಂತೆ. ನಾನು ಗುಡ್ಲಿನ ಹೊರಗೆ ನಿಂತು, 'ಗಂಗುಲಪ್ಪನ ಮಗಳು ಸಾಕು ಅಂದ್ರೆ ಊರು ನಗಲ್ವೇನೇ?' ಎಂದು ಇನ್ನೊಂದು ಗಿಂಡಿ ತುಪ್ಪ ಒಳಗೆ ಕಳಿಸಿದ್ದು ನನಗೇ ಚೆನ್ನಾಗಿ ನೆನಪಿದೆ.

ಗುಡ್ಲಿನಿಂದ ಹೊರಬಂದ ಮೇಲೆ ಅವಳು ತಟ್ಟೆ ಹಿಡಿದು ಹಿತ್ತಲಿಗೆ ಹೋಗಿ ಕೂತು ಉಣ್ಣತೊಡಗಿದಳು. ನಾಚಿಕೆ ಬಂದಿದೆ, ಒಳ್ಳೆಯದೇ ಎಂದುಕೊಂಡೆ. ಖಾಲಿ ತಟ್ಟೆ ವಾಪಸು ಬರುತ್ತಿತ್ತು. ಆದರೆ ಲಂಗ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ, ರವಿಕೆಯ ತೋಳು ಜಾರುತ್ತಿತ್ತು, ಬಾಚಿದರೆ ಕೂದಲು ಹಿಡಿಹಿಡಿಯಾಗಿ ಬರುತ್ತಿತ್ತು. ಅತ್ತ ಹಿತ್ತಲಿನಲ್ಲಿ ಕಟ್ಟಿದ್ದ ನಮ್ಮ ಎಮ್ಮೆ ದಿನದಿನಕ್ಕೆ ದುಂಡಗಾಗುತ್ತಿತ್ತು. ಮಗಳು ಸೊರಗುವುದೂ ಎಮ್ಮೆ ಕೊಬ್ಬುವುದೂ ಎರಡನ್ನೂ ದಿನಾ ನೋಡುತ್ತಿದ್ದ ನಾನು, ಎಮ್ಮೆಗೆ ದೃಷ್ಟಿಯಾಗದಿರಲಿ ಎಂದು ಅದರ ಕೊರಳಿಗೆ ಕರಿದಾರ ಕಟ್ಟಿದೆ.

ಚಿಕ್ಕಗಂಗಮ್ಮ ಎಮ್ಮೆಯ ಬಾನಿಯಲ್ಲಿ ಕೈಯಾಡಿಸಿ ಮುದ್ದೆಯ ಚೂರು ತೆಗೆದು ತೋರಿಸಿದ ಮೇಲೆ ನನ್ನ ಕಣ್ಣು ತೆರೆಯಿತು. ಅಲ್ಲಿಂದ ನಾನು ಎದುರಿಗೆ ಕೂರಿಸಿಕೊಂಡು ಬಡಿಸಿದೆ. ಬೈದೆ, ಬೇಡಿದೆ, ಆಣೆ ಹಾಕಿದೆ. ಅವಳು ತುಟಿ ಬಿಗಿಹಿಡಿದು ಗೋಡೆ ನೋಡುತ್ತಿದ್ದಳು. ಪೀರ್ ಸಾಬರಿಂದ ನೀರು ಮಂತ್ರಿಸಿ ಊದಿಸಿ ತಂದೆ, ಆವನಿ ಬೆಟ್ಟದ ಗುಡಿಗೆ ಹೋಗಿ ಹರಕೆ ಹೊತ್ತೆ. ಊರಿನ ಡಾಕ್ಟರು ಹಸಿವು ಹುಟ್ಟಿಸುವ ಟಾನಿಕ್ ಕೊಟ್ಟರು. ಅವಳು ಮುಟ್ಟಲಿಲ್ಲ. ವ್ಯರ್ಥವಾಗಬಾರದಲ್ಲ ಎಂದು ನಾನೇ ಕುಡಿದೆ. ಅದು ಒಳ್ಳೆಯ ಟಾನಿಕ್ ಎಂದು ಪ್ರಮಾಣ ಮಾಡಿ ಹೇಳಬಲ್ಲೆ. ಆ ತಿಂಗಳು ನನ್ನ ಪಂಚೆ ನಡುವಿಗೆ ಸಾಲುತ್ತಿರಲಿಲ್ಲ.

ಕೋಲಾರದ ದಾರಿ ತೋರಿಸಿದವನು ತಾಜ್ ಪಾಷಾ. ಮಾವಿನ ತೋಪು ಗುತ್ತಿಗೆ ಹಿಡಿಯುವ ವ್ಯಾಪಾರಿ, ಹಳೆಯ ಗೆಳೆಯ, ನನ್ನ ಬಲವಂತಕ್ಕೆ ಹೆದರದೆ ದಿನಾ ಬಂದು ಉಣ್ಣುವ ಧೈರ್ಯವಂತ.

"ಗಂಗಣ್ಣ, ಮುಳಬಾಗಿಲಲ್ಲಿ ನಮ್ಮ ಅಕ್ಕನ ಮಗಳು ದಿಲ್ಷಾದ್ ಇದಾಳಲ್ಲ, ಅವಳದ್ದೂ ಇದೇ ಕಥೆ. ಮದುವೆ ನಿಶ್ಚಯ ಆದಾಗಿನಿಂದ ರೊಟ್ಟಿ ಕಂಡ್ರೆ ಆಗಲ್ಲ. ಕೋಲಾರದಲ್ಲಿ ವೆಂಕಟರತ್ನಮ್ಮ ಅಂತ ಡಾಕ್ಟ್ರಮ್ಮ ಇದಾರೆ. ಮದ್ರಾಸಲ್ಲಿ ಓದ್ದೋರು. ಇಂಥ ಹೆಣ್ಮಕ್ಕಳನ್ನ ಮನೇಲಿಟ್ಕೊಂಡು ನೋಡ್ತಾರೆ. ದಿಲ್ಷಾದೂ ಅಲ್ಲೇ ಇದಾಳೆ, ಈಗ ಸ್ವಲ್ಪ ಪರವಾಗಿಲ್ಲ."

"ಏನ್ ಮದ್ದು ಕೊಡ್ತಾರೆ?"

"ಮದ್ದಿಲ್ಲಣ್ಣ. ಬರೀ ಮಾತು."

ನನಗೆ ನಗು ಬಂತು. ಆದರೆ ಅಷ್ಟು ಹೊತ್ತಿಗೆ ಆದಿಲಕ್ಷ್ಮಿ ಬಾವಿಯಿಂದ ಒಂದು ಬಿಂದಿಗೆ ನೀರು ತರುವಾಗ ನಡುದಾರಿಯಲ್ಲಿ ಕೂತು ಸುಧಾರಿಸಿಕೊಳ್ಳುತ್ತಿದ್ದಳು. ನಗು ಬದಿಗಿಟ್ಟು ಚಿಕ್ಕ ರೈಲು ಹತ್ತಿದೆವು.

ಡಾಕ್ಟ್ರಮ್ಮನ ಮನೆ ಕೋಟೆಯ ಹತ್ತಿರ. ಹಿಂದುಗಡೆ ಒಂದು ಉದ್ದ ಹಜಾರ, ಅದರಲ್ಲಿ ಕೆಲವು ಹುಡುಗಿಯರ ಮಂಚ. ಕನ್ನಡಕದ ಸಣ್ಣ ಹೆಂಗಸು, ಮನೆಮಾತು ತೆಲುಗು. ಆದಿಲಕ್ಷ್ಮಿಯನ್ನು ಒಬ್ಬಳನ್ನೇ ಒಳಗೆ ಕರೆದುಕೊಂಡು ಬಹಳ ಹೊತ್ತು ಮಾತಾಡಿದರು. ಮನೆಯಲ್ಲಿ ನಾಲ್ಕು ಮಾತಾಡದವಳು ಅಲ್ಲಿ ಅಷ್ಟು ಹೊತ್ತು ಏನು ಹೇಳಿದಳೋ. ಆಮೇಲೆ ನಮ್ಮನ್ನು ಕರೆದರು.

"ಗಂಗುಲಪ್ಪನೋರೇ, ಹೊಟ್ಟೇಲಿ ಏನೂ ರೋಗ ಇಲ್ಲ. ಇರೋದು ಮನಸ್ಸಲ್ಲಿ."

"ಹುಚ್ಚಾ ತಾಯಿ?" ಎಂದಳು ಚಿಕ್ಕಗಂಗಮ್ಮ.

"ಹುಚ್ಚಲ್ಲಮ್ಮ. ಶಾಲೆ ಯಾವಾಗ ಬಿಡ್ಬೇಕು, ಎಲ್ಲಿ ಕೂರ್ಬೇಕು, ಯಾವಾಗ ಮದುವೆ, ಎಲ್ಲ ನೀವು ಹೇಳಿದ್ರಿ. ಬಾಯಿ ತೆಗೀಬೇಕೋ ಬೇಡ್ವೋ ಅನ್ನೋದೊಂದೇ ಅವಳ ಕೈಲಿ ಉಳೀತು. ಅದನ್ನ ಗಟ್ಟಿ ಹಿಡ್ಕೊಂಡ್ಳು. ಈಗ ಬಿಡೋಣ ಅಂದ್ರೂ ಅವಳಿಗೇ ಬಿಡೋಕಾಗ್ತಿಲ್ಲ. ಅಪಾಯ ಇರೋದು ಅಲ್ಲೇ."

"ಮತ್ತೆ ಇಲ್ಲೇನ್ ಮಾಡ್ತೀರಿ?" ಎಂದೆ.

"ದಿನಾ ಕೂತು ಮಾತಾಡ್ತೀನಿ. ಜೊತೇಲಿ ಕೂತು ಉಣ್ತೀನಿ. ನೀವು ಭಾನುವಾರ ಬಂದು ಒಂದು ಗಂಟೆ ಅವಳನ್ನ ಮಾತಾಡ್ಸಿ ಹೋಗಿ. ತಿನ್ನೋಕೇನೂ ತರಬಾರದು. ಊಟದ ಮಾತೇ ಎತ್ತಬಾರದು. ಅಷ್ಟೇ."

ಅಷ್ಟೇನಾ ಎಂದುಕೊಂಡು ಧೈರ್ಯವಾಗಿ ತಲೆಯಾಡಿಸಿ ಮಗಳನ್ನು ಅಲ್ಲೇ ಬಿಟ್ಟು ಬಂದೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಗಾದೆ. ಅದರ ಮೊದಲರ್ಧವನ್ನು ನನ್ನ ಹೋಟೆಲಿನ ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆಸಿದ್ದೆ. ಎರಡನೆಯರ್ಧಕ್ಕೆ ಗೋಡೆ ಸಾಲದೆ ಬಿಟ್ಟಿದ್ದೆ. ಬದುಕಿನಲ್ಲೂ ಹಾಗೇ ಬಿಟ್ಟಿದ್ದೇನೆಂದು ಮೊದಲನೆಯ ಭಾನುವಾರ ಗೊತ್ತಾಯಿತು.

ಹೆಂಡತಿಯನ್ನು ಹೋಟೆಲಿಗೆ ಬಿಟ್ಟು ನಾನೊಬ್ಬನೇ ಹೋಗಿದ್ದೆ. ಆದಿಲಕ್ಷ್ಮಿ ಜಗಲಿಯ ಮೇಲೆ ಬಂದು ಕೂತಳು. ನಮ್ಮ ಕಡೆ ಯಾರು ಎದುರಾದರೂ ಮೊದಲ ಮಾತು 'ಉಂಡ್ಯಾ?' ಎಂದೇ. ಬಾಯಿ ತೆರೆದೆ. 'ಉಂ' ಎಂಬಷ್ಟು ಹೊರಗೆ ಬಂದುಬಿಟ್ಟಿತು. ಅದನ್ನು ಕೆಮ್ಮಾಗಿ ತಿರುಗಿಸಿದೆ.

"ಕೆಮ್ಮಾ ಅಪ್ಪ?"

"ಹೂಂ. ಬಿಸಿಲು ಜೋರು."

"ಹೂಂ."

"ಕೋಲಾರದಲ್ಲೂ ಜೋರಾ?"

ನಾವು ಕೂತಿದ್ದುದೇ ಕೋಲಾರದಲ್ಲಿ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. ಮಿಕ್ಕ ಹೊತ್ತನ್ನು ಇಬ್ಬರೂ ಡಾಕ್ಟ್ರಮ್ಮನ ಕೋಳಿಗಳನ್ನು ನೋಡುತ್ತ ಕಳೆದೆವು. ಆ ಕೋಳಿಗಳನ್ನು ನೋಡಿದಾಗ ನನ್ನ ತಲೆಗೆ ಬಂದದ್ದನ್ನೂ ಹೇಳುವಂತಿರಲಿಲ್ಲ.

ತಾಜ್ ಪಾಷಾ ಅಕ್ಕನ ಮಗಳನ್ನು ನೋಡಲು ಭಾನುವಾರ ಅದೇ ರೈಲಿಗೆ ಬರುತ್ತಿದ್ದ. ನನ್ನ ಅವಸ್ಥೆ ಕೇಳಿ, ದಾರಿಯಲ್ಲೇ ಅಭ್ಯಾಸ ಮಾಡಿಸುತ್ತೇನೆಂದ. ತಾನೇ ಮಗಳಾಗಿ ಎದುರಿನ ಹಲಗೆಯ ಮೇಲೆ ಕೂತ. ಮೂಟೆಯಂಥ ಮೈ, ಎದೆ ಮುಟ್ಟುವ ಗಡ್ಡ.

"ಹೇಳಪ್ಪ, ಊರಲ್ಲೇನು ಸಮಾಚಾರ?"

"ಕದಿರೇಶನ ಮದುವೆ ಆಯ್ತಮ್ಮ."

"ಹೆಂಗಾಯ್ತು?"

"ಚೆನ್ನಾಗಾಯ್ತು. ಪಾಯಸಕ್ಕೆ ಮಾತ್ರ..."

"ಖತಂ. ಬೇರೆ ಹೇಳಿ."

"ದೊಡ್ಡಮುನಿಯಪ್ಪ ತೀರ್ಕೊಂಡ."

"ಅಯ್ಯೋ ಪಾಪ. ಆಮೇಲೆ?"

"ಆಮೇಲೇನು, ತಿಥಿಗೆ ವಡೆ..."

"ಖತಂ."

ಮಳೆಯ ಮಾತೆತ್ತಿದರೆ ಅವರೆಕಾಯಿಗೆ ಹೋಗಿ ನಿಲ್ಲುತ್ತಿತ್ತು. ಯುದ್ಧದ ಮಾತು ರೇಷನ್ನಿಗೆ ಬಂದು ನಿಲ್ಲುತ್ತಿತ್ತು. ಹುಟ್ಟು, ಸಾವು, ಜಗಳ, ಹಬ್ಬ ಎಲ್ಲ ಕಡೆಗೂ ನನ್ನೆದುರು ಒಂದು ತಟ್ಟೆಯಾಗಿ ಬಂದು ಕೂರುತ್ತಿತ್ತು. ಡಬ್ಬಿಯಲ್ಲಿದ್ದವರೆಲ್ಲ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಕೋಲಾರ ಹತ್ತಿರ ಬಂದಂತೆ ನನ್ನ ನಗು ಇಂಗುತ್ತಿತ್ತು. ಹೆತ್ತು ಹದಿನಾಲ್ಕು ವರ್ಷ ಸಾಕಿದ ಮಗಳಿಗೆ ಹೇಳಲು ನನ್ನಲ್ಲಿ ಇನ್ನೊಂದು ಮಾತಿಲ್ಲವಲ್ಲ ಎಂದು ನಾಚಿಕೆಯಾಗುತ್ತಿತ್ತು.

ಆದರೂ ಡಾಕ್ಟ್ರಮ್ಮನ ಕೆಲಸ ನಡೆದಿತ್ತು. ಆದಿಲಕ್ಷ್ಮಿ ಬೆಳಿಗ್ಗೆ ಗಂಜಿ ಕುಡಿಯುತ್ತಾಳೆ, ದಿಲ್ಷಾದಳ ಜೊತೆ ಕೂತು ಕಸೂತಿ ಹಾಕುತ್ತಾಳೆ, ಒಮ್ಮೊಮ್ಮೆ ಸಿಟ್ಟು ಮಾಡುತ್ತಾಳೆ ಎಂದರು. ಸಿಟ್ಟು ಒಳ್ಳೆಯ ಗುರುತಂತೆ. ನನಗೆ ಗಂಜಿ ಎಂದದ್ದು ಮಾತ್ರ ಕೇಳಿಸಿತು. ಗಂಜಿ ಕುಡಿದವಳು ಒಬ್ಬಟ್ಟು ತಿನ್ನಳೇ?

ಯುಗಾದಿ ಬಂತು. ತುಪ್ಪ ಸವರಿದ ಒಂದು ಒಬ್ಬಟ್ಟನ್ನು ಬಾಳೆಲೆಯಲ್ಲಿ ಸುತ್ತಿ ತಲೆಯ ರುಮಾಲಿನ ಮಡಿಕೆಯಲ್ಲಿಟ್ಟು ಕಟ್ಟಿಕೊಂಡೆ. ಡಾಕ್ಟ್ರಮ್ಮ ನನ್ನ ಚೀಲ ನೋಡಿದರು, ಜೇಬು ನೋಡಿದರು. ಬಿಸಿಲಿಗೆ ತುಪ್ಪ ಕರಗಿ ಹಣೆಯ ಮೇಲೆ ಇಳಿಯುತ್ತಿತ್ತು. ಎಷ್ಟು ಬೆವರ್ತಿದೀರಿ, ನೆರಳಲ್ಲಿ ಕೂರಿ ಎಂದು ಮರುಕಪಟ್ಟರು. ಅವರು ಒಳಗೆ ಹೋದ ಕೂಡಲೆ ಒಬ್ಬಟ್ಟನ್ನು ಮಗಳ ಕೈಗಿಟ್ಟೆ.

"ಹಬ್ಬ ಕಣಮ್ಮ. ಒಂದ್ಚೂರು. ನನ್ನಾಣೆ."

"ಬೇಡಪ್ಪ."

"ನಿಮ್ಮಮ್ಮ ಬೆಳಿಗ್ಗಿಂದ ಒಲೆ ಮುಂದೆ ಬೆಂದಿದಾಳೆ ಕಣೇ. ಒಂದೇ ಚೂರು."

ಅವಳು ಒಂದು ಚೂರು ತಿನ್ನಲಿಲ್ಲ, ಇಡೀ ಒಬ್ಬಟ್ಟನ್ನೇ ತಿಂದಳು. ನನ್ನ ಮುಖವನ್ನೇ ನೋಡುತ್ತ, ಅಗಿಯಲೂ ನಿಲ್ಲದೆ ತಿಂದು ಮುಗಿಸಿ, "ಆಯ್ತಾ?" ಎಂದಳು. ಮದ್ರಾಸಿನ ಓದಿಗೆ ಸಿಗದೆ ಹೋದದ್ದು ನನ್ನ ರುಮಾಲಿಗೆ ಸಿಕ್ಕಿತೆಂದು ಬೀಗಿಕೊಂಡು ರೈಲು ಹತ್ತಿದೆ. ತಾಜ್ ಪಾಷಾನಿಗೆ ಅದನ್ನು ಬಣ್ಣ ಕಟ್ಟಿ ಹೇಳಿದೆ. ಅವನು ಯಾಕೋ ನಗಲಿಲ್ಲ.

ಮುಂದಿನ ಭಾನುವಾರ ಡಾಕ್ಟ್ರಮ್ಮ ನನ್ನನ್ನು ಗೇಟಿನಲ್ಲೇ ನಿಲ್ಲಿಸಿದರು.

"ನೀವು ಆ ಕಡೆ ಹೋಗ್ತಿದ್ದ ಹಾಗೇ ಗಂಟಲಿಗೆ ಬೆರಳು ಹಾಕಿ ಎಲ್ಲ ಕಕ್ಕಿದ್ಳು. ಅಲ್ಲಿಂದ ಗಂಜಿನೂ ಇಲ್ಲ. ಇಷ್ಟು ದಿನ ನಾನು ಕಟ್ಟಿದ್ದನ್ನೆಲ್ಲ ಒಂದು ಒಬ್ಬಟ್ಟಲ್ಲಿ ತೊಳೆದು ಹಾಕಿದ್ರಿ."

"ಅವಳೇ ತಿಂದ್ಳು ತಾಯಿ."

"ನಿಮ್ಮ ಬಾಯಿ ಮುಚ್ಸೋಕೆ ತಿಂದ್ಳು. ನಾಡಿ ದಾರದ ಹಂಗೆ ಓಡ್ತಿದೆ. ಹೀಗೇ ಹೋದ್ರೆ ಹುಡುಗಿ ನಮಗೆ ದಕ್ಕಲ್ಲ, ಗಂಗುಲಪ್ಪನೋರೇ. ನಾನು ಹೇಳೋ ತನಕ ಅವಳ ಕಣ್ಣಿಗೆ ಬೀಳ್ಬೇಡಿ."

ನಾನು ಗೇಟಿನ ಹೊರಗಿನ ಹುಣಸೆಮರದ ಕೆಳಗೆ ಕೂತೆ. ರೈಲಿನ ಹೊತ್ತಾಗುವ ತನಕ ಎದ್ದು ಹೋಗಲಿಲ್ಲ. ಊರಿಗೆಲ್ಲ ತುತ್ತಿಟ್ಟವನು ನಾನೆಂದು ಮೆರೆದವನು, ಮಗಳ ಬಾಯಿಗೆ ಬರುತ್ತಿದ್ದ ಗಂಜಿಯನ್ನೂ ತಪ್ಪಿಸಿದ್ದೆ. ಮುಂದಿನ ವಾರ ಮತ್ತೆ ಹೋಗಿ ಅದೇ ಮರದ ಕೆಳಗೆ ಕೂತೆ. ಅದರ ಮುಂದಿನ ವಾರವೂ ಕೂತೆ. ಒಳಗೆ ಹೋಗುವಂತಿಲ್ಲ, ಕೇಳುವಂತಿಲ್ಲ. ತಾಜ್ ಪಾಷಾ ಹೊರಗೆ ಬಂದು, ಜೀವ ಇದೆ ಅಣ್ಣ ಎಂದಷ್ಟೇ ಹೇಳಿ ಪಕ್ಕದಲ್ಲಿ ಕೂರುತ್ತಿದ್ದ. ಆ ದಿನಗಳಲ್ಲಿ ಹೋಟೆಲಿನಲ್ಲಿ ಯಾರು ಸಾಕು ಅಂದರೂ ನನ್ನ ಸೌಟು ಅಲ್ಲೇ ನಿಲ್ಲುತ್ತಿತ್ತು. ಗಂಗುಲಪ್ಪನಿಗೆ ಯುದ್ಧದಿಂದ ಕೈ ಬಿಗಿಯಾಯಿತೆಂದು ಗಿರಾಕಿಗಳು ಮಾತಾಡಿಕೊಂಡರು.

ಒಂದು ಭಾನುವಾರ ಡಾಕ್ಟ್ರಮ್ಮನೇ ಗೇಟಿಗೆ ಬಂದರು.

"ಮರದ ಕೆಳಗೆ ಕೂತಿರೋದು ನಮ್ಮಪ್ಪನಾ ಅಂತ ಕೇಳಿದ್ಳು. ಗಂಜಿ ಮತ್ತೆ ಶುರು ಮಾಡಿದಾಳೆ. ಇವತ್ತು ನೀವೇ ಬಡ್ಸಿ."

ನಾನು ಕೈ ಹಿಂದಕ್ಕೆ ಕಟ್ಟಿಕೊಂಡೆ. "ನಾನಾ? ಬೇಡ ತಾಯಿ."

"ಇವತ್ತಲ್ಲ ನಾಳೆ ಅವಳು ನಿಮ್ಮನೆಗೇ ಬರ್ಬೇಕಲ್ಲ. ನಿಮ್ಮ ಕೈ ಕಂಡ್ರೆ ಬೆದರೋ ಹಾಗಿದ್ರೆ ನಾನಾಡಿದ ಮಾತು ಯಾವುದೂ ನಿಲ್ಲಲ್ಲ. ಅವಳು ಸಾಕು ಅಂದ ಕಡೆ ನಿಲ್ಸಿ. ಅಷ್ಟೇ ನಿಮ್ಮ ಕೆಲಸ."

ಹಜಾರದಲ್ಲಿ ಹುಡುಗಿಯರು ಸಾಲಾಗಿ ಚಾಪೆಯ ಮೇಲೆ ಕೂತಿದ್ದರು. ಡಾಕ್ಟ್ರಮ್ಮನೂ ತಟ್ಟೆ ಇಟ್ಟುಕೊಂಡು ಅವರ ನಡುವೆ ಕೂತರು. ನಾನು ಮೆತ್ತಗೆ ಬೆಂದ ಅನ್ನದ ಪಾತ್ರೆ ಹಿಡಿದು ಆದಿಲಕ್ಷ್ಮಿಯ ಮುಂದೆ ಬಗ್ಗಿದೆ. ಅವಳ ಮುಂಗೈ ನನ್ನ ಸೌಟಿನ ಹಿಡಿಯಷ್ಟು ಸಣ್ಣಗಾಗಿತ್ತು. ಮೊದಲ ಸೌಟಿನ ಅರ್ಧವೂ ತಟ್ಟೆಗೆ ಬೀಳುವ ಮೊದಲೇ ಅವಳು ಅಂಗೈ ಅಡ್ಡ ಹಿಡಿದಳು.

"ಸಾಕು."

ನನ್ನ ಬಲಗೈಗೆ ಆ ಮಾತು ತಿಳಿಯದು. ಅದು ತನ್ನ ಪಾಡಿಗೆ ಮುಂದಕ್ಕೆ ಹೋಯಿತು. ಪಾತ್ರೆ ಕೆಳಗಿಟ್ಟು ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡೆ. ಪಕ್ಕದ ಚಾಪೆಯ ದಿಲ್ಷಾದ್ ಕಿಸಕ್ಕನೆ ನಕ್ಕಳು. ಆದಿಲಕ್ಷ್ಮಿ ನಗಲಿಲ್ಲ. ಅಡ್ಡ ಹಿಡಿದ ಕೈ ತೆಗೆಯದೆ ನನ್ನನ್ನೇ ನೋಡುತ್ತಿದ್ದಳು. ನಾನು ಸೌಟನ್ನು ಪಾತ್ರೆಗೆ ಹಾಕಿ ಹಿಂದೆ ಸರಿದು ಗೋಡೆಗೆ ಒರಗಿ ನಿಂತೆ. ಬಹಳ ಹೊತ್ತಿನ ಮೇಲೆ ಆ ಕೈ ತಟ್ಟೆಯ ಮೇಲಿಂದ ಇಳಿಯಿತು.

ಅವಳು ಒಂದೆರಡು ತುತ್ತು ತಿಂದಳು. ಆಮೇಲೆ ತಟ್ಟೆಯನ್ನು ಸರಿಸಿ, "ಸಾಕಪ್ಪ" ಎಂದಳು. ಅಷ್ಟನ್ನು ತಿಂದು ಗುಬ್ಬಿಯೂ ಬದುಕಲಾರದು. ನಾನು ತಟ್ಟೆ ಎತ್ತಿಕೊಂಡು ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಹೋದೆ. ತೊಳೆಯೋಣವೆಂದು ಕೂತವನಿಗೆ ತಟ್ಟೆಯಲ್ಲಿ ಉಳಿದ ಅನ್ನ ಕಂಡು ಅಳು ಬಂದುಬಿಟ್ಟಿತು. ನನ್ನ ಗಾತ್ರದ ಗಂಡಸು ಎಂಜಲು ತಟ್ಟೆ ಹಿಡಿದು ಬಿಕ್ಕುವುದನ್ನು ನೋಡಿ ಕೋಳಿಗಳು ದೂರ ಓಡಿದವು.

ಹಿಂದೆ ಹೆಜ್ಜೆ ಸಪ್ಪಳ. ಆದಿಲಕ್ಷ್ಮಿ ಗೋಡೆ ಹಿಡಿದುಕೊಂಡು ಬಂದಿದ್ದಳು.

"ಅಪ್ಪ, ಅಳ್ತಿದೀಯಾ?"

ಬಿಸಿಲು ಜೋರು ಎನ್ನೋಣವೆಂದುಕೊಂಡೆ. ಆದರೆ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಅವಳ ಕಡೆ ತಿರುಗಿದೆ.

"ಹೂಂ ಕಣಮ್ಮ."

"ಯಾಕೆ?"

"ನೀನು ಸತ್ತೋಗ್ತೀಯ ಅಂತ ಭಯ ಕಣಮ್ಮ ನಂಗೆ. ನೀನು ಹಿತ್ತಲಿಗೆ ತಟ್ಟೆ ಹಿಡ್ಕೊಂಡು ಹೋಗಿ ಎಮ್ಮೆಗೆ ಹಾಕ್ತಿದ್ಯಲ್ಲ, ಅದು ಗೊತ್ತಾದಾಗಿಂದ ಭಯ."

ಅವಳು ಕಲ್ಲಿನ ಮೇಲೆ ನನ್ನ ಪಕ್ಕದಲ್ಲಿ ಕೂತಳು. ಅಷ್ಟು ನಡೆದದ್ದಕ್ಕೇ ಏದುಸಿರು ಬಿಡುತ್ತಿದ್ದಳು.

"ನೀನು ಯಾವಾಗ್ಲೂ ಉಣ್ಣು ಉಣ್ಣು ಅಂತಿದ್ದೆ. ಭಯ ಅಂತ ಒಂದಿನಾನೂ ಹೇಳ್ಲಿಲ್ಲ."

"ಹೇಳೋಕೆ ಬರ್ಲಿಲ್ಲಮ್ಮ. ನಂಗೆ ಬರೋದು ಅದೊಂದೇ ಮಾತು."

"ಊರಲ್ಲಿ ಯಾರೂ ಉಣ್ಣದಷ್ಟು ಉಣ್ಣಿಸ್ಬೇಕು ಅಂತ ನಿಂಗೆ ಹಟ ಅಂದ್ಕೊಂಡಿದ್ದೆ. ಗಂಗುಲಪ್ಪನ ಮಗಳು ಅನ್ನೋಕೆ."

ಅದು ಸುಳ್ಳೆಂದು ಹೇಳಬೇಕೆನ್ನಿಸಿತು. ಸುಳ್ಳಾಗಿರಲಿಲ್ಲ.

"ನಂಗೂ ಭಯ ಅಪ್ಪ," ಎಂದಳು ಅವಳು ಮೆಲ್ಲಗೆ. "ತಟ್ಟೆ ನೋಡಿದ್ರೂ ಭಯ, ತಟ್ಟೆ ಬಿಟ್ಟು ಎದ್ರೂ ಭಯ. ನಿಲ್ಸೋಣ ಅಂತೀನಿ, ಆಗ್ತಿಲ್ಲ. ನಂಗೆ ಸಾಯೋಕಿಷ್ಟ ಇಲ್ಲ."

ನಾನು ಅವಳ ಬೆನ್ನ ಮೇಲೆ ಕೈಯಿಟ್ಟೆ. ಮೂಳೆಗಳೆಲ್ಲ ಕೈಗೆ ಸಿಕ್ಕಿದವು. ಅವಳು ಕೈ ತಳ್ಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನನ್ನ ಮಡಿಲಲ್ಲಿದ್ದ ತಟ್ಟೆಯನ್ನು ತೆಗೆದುಕೊಂಡು ತನ್ನ ಮೊಣಕಾಲಿನ ಮೇಲಿಟ್ಟುಕೊಂಡಳು.

"ಇನ್ನೊಂದೆರಡು ತುತ್ತು ನೋಡ್ತೀನಿ. ಬಹಳ ನಿಧಾನ ಆಗುತ್ತೆ. ನೀನು ನೋಡ್ಬಾರ್ದು. ಕಾಯ್ತೀಯಾ?"

"ಕಾಯ್ತೀನಮ್ಮ."

ನಾನು ಗೋಡೆಯ ಕಡೆ ಮುಖ ತಿರುಗಿಸಿ ಕೂತೆ. ಹಿಂದೆ ಬೆರಳು ತಟ್ಟೆಗೆ ತಾಕುವ ಸಪ್ಪಳ, ಆಮೇಲೆ ಎಷ್ಟೋ ಹೊತ್ತು ಏನೂ ಇಲ್ಲ, ಮತ್ತೆ ಅದೇ ಸಪ್ಪಳ. ತಾಜ್ ಪಾಷಾ ಬಾಗಿಲಲ್ಲಿ ಇಣುಕಿ ರೈಲಿಗೆ ಹೊತ್ತಾಯಿತೆಂದು ಸನ್ನೆ ಮಾಡಿದ. ನೀನು ಹೋಗೆಂದು ಕೈಯಲ್ಲೇ ಹೇಳಿದೆ. ಕೊನೆಗೆ ರೈಲು ದೂರದಲ್ಲಿ ಕೂಗಿ ಹೊರಟಿತು. ಆ ರಾತ್ರಿ ನಾನು ಎಲ್ಲಿ ಮಲಗಬೇಕೋ, ಬೆಳಿಗ್ಗೆ ಹೋಟೆಲಿನಲ್ಲಿ ಯಾರು ಬಡಿಸಬೇಕೋ ಗೊತ್ತಿರಲಿಲ್ಲ. ಅವಳಿನ್ನೂ ಉಣ್ಣುತ್ತಿದ್ದಳು.